ಸದಸ್ಯರದೇ ಕಿರಾಣಿ ಅಂಗಡಿ: ಹಾಕೋದು ಸುಲಭ, ಉಳಿಸೋದು ಹೇಗೆ?

ನೂರು ಮನೆ ಸೇರಿ ಊರಲ್ಲಿ ಒಂದು ಕಿರಾಣಿ ಅಂಗಡಿ ಹಾಕೋದು ಅಂಥಾ ಕಷ್ಟ ಅಲ್ಲ. ಮೊದಲ ಆರು ತಿಂಗಳು ಎಲ್ಲರಿಗೂ ಉಮೇದು ಇರುತ್ತದೆ. ಮೂರನೇ ವರ್ಷಕ್ಕೆ ಬಾಗಿಲು ತೆರೆದಿರುತ್ತದಾ ಅನ್ನೋದೇ ಪ್ರಶ್ನೆ. ಕಲಬುರಗಿ ಜಿಲ್ಲೆ ಆಳಂದ ತಾಲೂಕಿನ ನಮ್ಮೂರಲ್ಲಿ ನಾವು ಒಂದು ಸಲ ಹಾಕಿ, ಮುಚ್ಚಿ, ಮತ್ತೆ ಹಾಕಿದವರು. ಎಡವಿದ್ದು ಎಲ್ಲಿ ಅಂತ ಗೊತ್ತಿರೋದರಿಂದ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಮಾಡಿ, ಆಮೇಲೆ ಬೋರ್ಡು ಬರೆಸಿ. ನೂರು ಮನೆ, ಮನೆಗೆ ತಿಂಗಳಿಗೆ 2,000 ರೂಪಾಯಿ ಸಾಮಾನು ಅಂದುಕೊಳ್ಳಿ. ವ್ಯಾಪಾರ 2 ಲಕ್ಷ. ನೂರಕ್ಕೆ ಎಂಟು ರೂಪಾಯಿ ಮಾರ್ಜಿನ್ ಇಟ್ಟರೆ 16,000. ಅದರಲ್ಲಿ ಬಾಡಿಗೆ 2,000, ಬೆಳಗ್ಗೆ ಸಂಜೆ ಕೂರುವವರಿಗೆ 8,000, ಗಾಡಿ, ಹಮಾಲಿ, ಕರೆಂಟು ಎಲ್ಲಾ ಸೇರಿ 3,000. ಕೈಯಲ್ಲಿ ಉಳಿಯೋದು 3,000. ಅಷ್ಟೇ. ಈ ಮೂರು ಸಾವಿರ ನೋಡಿ ಮುಖ ಸಣ್ಣಗೆ ಮಾಡಿಕೊಳ್ಳುವವರನ್ನು ಕಮಿಟಿಗೆ ತಗೋಬೇಡಿ.

ನೋಂದಣಿ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ರಾಜ್ಯದಲ್ಲಿ ಎರಡು ದಾರಿ ಇವೆ, 1959ರ ಸಹಕಾರ ಸಂಘಗಳ ಕಾಯ್ದೆ, ಇಲ್ಲಾ 1997ರ ಸೌಹಾರ್ದ ಕಾಯ್ದೆ. ಯಾವುದು ನಿಮಗೆ ಹೊಂದುತ್ತದೆ ಅಂತ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ ಹೋಗಿ ಕೂತು ಕೇಳಿ. ಆಹಾರ ಸಾಮಾನು ಮಾರೋದರಿಂದ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ತೂಕದ ಮಷಿನ್‌ಗೆ ವರ್ಷಕ್ಕೊಮ್ಮೆ ಅಳತೆ ಮತ್ತು ತೂಕ ಇಲಾಖೆಯ ಮುದ್ರೆ ಹಾಕಿಸಿ. ಆ ಮಷಿನ್ನಿನ ಮುಖ ಗಿರಾಕಿ ಕಡೆಗೇ ಇರಲಿ.

ಈಗ ಉದ್ರಿ, ಅಂದರೆ ಸಾಲದ ಮೇಲೆ ಸಾಮಾನು ಕೊಡೋದು. ನಮ್ಮ ಮೊದಲನೇ ಅಂಗಡಿ ಸತ್ತಿದ್ದು ಇದರಿಂದಲೇ. ಸದಸ್ಯರ ಅಂಗಡಿಯಲ್ಲಿ ಉದ್ರಿ ಇಲ್ಲ ಅನ್ನೋದು ಬೇರೆ ಅಂಗಡಿಗಿಂತ ಕಷ್ಟ, ಯಾಕಂದ್ರೆ ಕೇಳುವವರೇ ಮಾಲೀಕರು! "ಯಾಕಪಾ, ಇದರಾಗ ನಂದೂ ಷೇರ್ ಅದ. ನನ್ನ ಅಂಗಡ್ಯಾಗ ನನಗ ಉದ್ರಿ ಇಲ್ಲಂದ್ರ ಹೆಂಗ?" ಅಂತ ಸ್ವಂತ ಕಾಕಾನೇ ಬಂದು ನಿಂತಾಗ ಏನು ಹೇಳ್ತೀರಿ? ನಾವು ಕೊಟ್ಟೆವು. ಒಂದು ವರ್ಷದಲ್ಲಿ ಉದ್ರಿ ಪುಸ್ತಕ 60,000 ದಾಟಿತು. ತಿಂಗಳಿಗೆ 3,000 ಉಳಿಸೋ ಅಂಗಡಿಗೆ ಅದನ್ನು ತುಂಬೋಕೆ ಇಪ್ಪತ್ತು ತಿಂಗಳು ಬೇಕು. ಅಷ್ಟರಲ್ಲಿ ಗಂಜ್‌ನ (ಸಗಟು ಮಾರುಕಟ್ಟೆಯ) ಹೋಲ್‌ಸೇಲ್ ಅಂಗಡಿಯವರು ನಮಗೆ ಸಾಮಾನು ಕೊಡೋದು ನಿಲ್ಲಿಸಿದ್ದರು. ಅವರ ತಪ್ಪೇನೂ ಇಲ್ಲ.

ಇದು ಹಳೇ ಪಾಠ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್‌ನಲ್ಲಿ ನೇಕಾರರು ಮತ್ತಿತರರು, ಒಟ್ಟು 28 ಜನ, ತಲೆಗೆ ಒಂದು ಪೌಂಡ್ ಹಾಕಿ ಇಂಥದ್ದೇ ಅಂಗಡಿ ತೆರೆದಾಗಲೂ ರೊಕ್ಕ ಕೊಟ್ಟೇ ಸಾಮಾನು ಒಯ್ಯಬೇಕು ಅನ್ನೋದನ್ನು ನಿಯಮ ಮಾಡಿಕೊಂಡಿದ್ದರು.

ಆದರೆ ನಮ್ಮ ಕಡೆ ರೊಕ್ಕ ಬರೋದು ವರ್ಷಕ್ಕೊಮ್ಮೆ, ತೊಗರಿ ರಾಶಿ ಆದಾಗ. ಹೊಟ್ಟೆ ಮಾತ್ರ ಹನ್ನೆರಡು ತಿಂಗಳೂ ಕೇಳುತ್ತದೆ. ಸುಮ್ನೆ "ಉದ್ರಿ ನಿಷೇಧ" ಅಂತ ಬರೆದು ಅಂಟಿಸಿದರೆ ಜನ ಮತ್ತೆ ಹಳೇ ಸಾಹುಕಾರರ ಅಂಗಡಿಗೇ ಹೋಗುತ್ತಾರೆ. ಹಾಗಾಗಿ ಎರಡನೇ ಸಲ ಉದ್ರಿಯನ್ನೇ ತಿರುವಿ ಹಾಕಿದೆವು. ಜನವರಿಯಲ್ಲಿ ತೊಗರಿ ಮಾರಿದ ಕೂಡಲೇ ಕೈಲಾದಷ್ಟು, ಎರಡು ಸಾವಿರವೋ ಐದು ಸಾವಿರವೋ, ಸಾಮಾನಿಗೆ ಮುಂಗಡ ಅಂತ ಕಟ್ಟಿ ರಸೀದಿ ಒಯ್ಯಬೇಕು. ಮಳೆಗಾಲದಲ್ಲಿ ಕೈ ಖಾಲಿ ಇದ್ದಾಗ ಸಾಮಾನು ಒಯ್ದು ಅದರಲ್ಲಿ ಮುರಿಸಿಕೊಳ್ಳುತ್ತಾ ಹೋಗಬೇಕು. ಬಡ್ಡಿ ಇಲ್ಲ. ಅಂಗಡಿಗೂ ಅದೇ ರೊಕ್ಕದಲ್ಲಿ ಎಣ್ಣೆ, ಸಕ್ಕರೆ ನಗದು ಕೊಟ್ಟು ತರೋಕೆ ಆಗುತ್ತದೆ, ನಗದಿಗೆ ಗಂಜ್‌ನಲ್ಲಿ ರೇಟು ಬೇರೆ. ಮುಂಗಡದ ಪುಟ ಬೇರೆ ಇಡಿ. ಅದನ್ನು ಲಾಭ ಅಂತ ತಿಳಿದು ಫ್ರಿಜ್ ತಂದೀರಿ ಮತ್ತೆ.

ಸಾಮಾನು ಕಡಿಮೆ ಬಗೆ ಇಡಿ. ರೇಷನ್ ಅಕ್ಕಿ ಮನೆಗೆ ಬರುವ ಊರಲ್ಲಿ ಅಕ್ಕಿ ಚೀಲ ಪೇರಿಸಿಟ್ಟರೆ ಹುಳ ಹಿಡಿಯುತ್ತದೆ. ಎಣ್ಣೆ, ಸಕ್ಕರೆ, ಚಹಾಪುಡಿ, ಸಾಬೂನು, ಶೇಂಗಾ, ಬೇಳೆ ಸಾಕು, ಎಳ್ಳಮಾಸಿ (ಎಳ್ಳಮಾವಾಸ್ಯೆ ಹಬ್ಬ) ಹತ್ತಿರ ಬಂದಾಗ ಸ್ವಲ್ಪ ಜಾಸ್ತಿ.

ಬೇಳೆ ವಿಷಯ ಮಾತ್ರ ನಿಧಾನ ಓದಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರುತು, ಸಿಕ್ಕಿತು, ಖುಷಿ. ಆದರೆ ಊರಿನ ಹೊಲದ ತೊಗರಿ ಚೀಲದಲ್ಲಿ ಗಂಜ್‌ಗೆ ಹೋಗಿ, ಮಿಲ್ಲಿನಲ್ಲಿ ಒಡೆದು, ಪಾಕೀಟಾಗಿ ಅದೇ ಊರಿಗೆ ವಾಪಸ್ ಬರುತ್ತದೆ, ನಾವು ಕೊಂಡು ತಿನ್ನುತ್ತೇವೆ. ಹುಚ್ಚುತನ ಅಲ್ವಾ? ಸದಸ್ಯರ ಹತ್ತಿರವೇ ಅವತ್ತಿನ ಗಂಜ್ ರೇಟಿಗೆ ನಾಲ್ಕೈದು ಕ್ವಿಂಟಲ್ ತೊಗರಿ ತಗೊಂಡು, ಮಿಲ್ಲಿಗೆ ಕೂಲಿ ಕೊಟ್ಟು ಒಡೆಸಿ. ಕ್ವಿಂಟಲ್ಲಿಗೆ ಎಪ್ಪತ್ತು ಕೆಜಿ ಆಸುಪಾಸು ಬೇಳೆ ಬರುತ್ತದೆ, ಹೊಟ್ಟು ನುಚ್ಚು ದನ ಇರುವವರು ಒಯ್ಯುತ್ತಾರೆ. ತೊಗರಿ ಸರಿಯಾಗಿ ಒಣಗಿರಲಿ, ಹಲ್ಲಲ್ಲಿ ಕಡಿದರೆ ಕಟ್ ಅನ್ನಬೇಕು. ಮೊದಲ ಸಲ ನಾವು ಹಸಿ ಕಾಳು ಒಯ್ದು ನುಚ್ಚೇ ಜಾಸ್ತಿ ಹೊತ್ತು ತಂದೆವು.

ಬೋನಸ್ ಆಸೆ ತೋರಿಸಿ ಸದಸ್ಯರನ್ನು ಮಾಡಬೇಡಿ. ವರ್ಷಕ್ಕೆ 36,000 ಉಳಿಯಿತು ಅನ್ನಿ. 1959ರ ಕಾಯ್ದೆಯಲ್ಲಿ ಕನಿಷ್ಠ ಕಾಲು ಭಾಗ, ಅಂದರೆ 9,000, ಕಾಯ್ದಿಟ್ಟ ನಿಧಿಗೆ ಹೋಗಬೇಕು. ಖರೀದಿ ಮೇಲೆ ನೂರಕ್ಕೆ ಒಂದು ರೂಪಾಯಿ ಹಂಚಿದರೆ 24,000ದ ಸಾಮಾನು ಒಯ್ದ ಮನೆಗೆ ಸಿಗೋದು 240. ಒಂದು ಚೀಲ ಸಿಮೆಂಟೂ ಬರಲ್ಲ. ಲಾಭ ಬೇರೆ ಕಡೆ ಇದೆ. ನಮ್ಮ ಅಂಗಡಿ ಬಂದಮೇಲೆ ಊರಿನ ಉಳಿದ ಎರಡು ಅಂಗಡಿಯವರೂ ರೇಟು ಹೇಳುವ ಮೊದಲು ನಮ್ಮ ರೇಟಿನ ಬೋರ್ಡು ನೋಡುತ್ತಾರೆ. ಸದಸ್ಯರಲ್ಲದವರಿಗೂ ಇದು ಸಿಕ್ಕಿತು. ಸಿಗಲಿ ಬಿಡಿ.

ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಓಟು. ವರ್ಷದ ಸಭೆಗೆ ಕಾಯದೆ ಪ್ರತಿ ತಿಂಗಳು ಅಂಗಡಿ ಕಟ್ಟೆ ಮೇಲೆ ಲೆಕ್ಕ ಜೋರಾಗಿ ಓದಿ, ಅಂಕಿ ಅಷ್ಟೇ ಅಲ್ಲ, ಸಾಲು ಸಾಲಾಗಿ. ಹೋದ ವರ್ಷ ಹೀಗೇ ಓದುವಾಗ ಅಕ್ಷರ ಬಾರದ ಒಬ್ಬ ಅಜ್ಜಿ ಕೈ ಎತ್ತಿ, "ತಮ್ಮಾ, ಸಕ್ರಿ ಖಾಲಿ ಚೀಲ ಮಾರಿದ ರೊಕ್ಕ ಎಲ್ಲಿ ಬರದಿ?" ಅಂದರು. ಎಲ್ಲೂ ಬರೆದಿರಲಿಲ್ಲ. ಚೀಲದ ರೊಕ್ಕ ಚಹಾಕ್ಕೆ ಖರ್ಚಾಗಿತ್ತು. ಈಗ ನಮ್ಮ ಜಮಾ ಪುಸ್ತಕದಲ್ಲಿ ಖಾಲಿ ಚೀಲಕ್ಕೆ ಒಂದು ಕಾಲಂ ಇದೆ, ಚಹಾಕ್ಕೂ ಒಂದು ಇದೆ.