ಮೂರು ಪ್ರೋಗ್ರಾಂಗೆ ಒಂದೇ ಯುಟಿಲ್ ಫೈಲ್: ನನ್ನ ಅನುಭವ

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಡಿಟಿಪಿ ಅಂಗಡಿಯ ಎಂಟು ಕಂಪ್ಯೂಟರ್‌ಗಳಲ್ಲಿ ನಾನೇ ಸಿ ಭಾಷೆಯಲ್ಲಿ ಬರೆದ ವಿಂಡೋ ಮ್ಯಾನೇಜರ್ (ಲಿನಕ್ಸ್ ಪರದೆಯ ಮೇಲಿನ ಕಿಟಕಿಗಳನ್ನು ಜೋಡಿಸುವ ಪ್ರೋಗ್ರಾಂ) ಓಡುತ್ತಿದೆ. ಹೆಚ್ಚುಕಮ್ಮಿ ಒಂದೂವರೆ ವರ್ಷವಾಯಿತು. ಬೆಳಗ್ಗೆ ಆನ್ ಮಾಡಿದರೆ ರಾತ್ರಿ ಶಟರ್ ಎಳೆಯುವವರೆಗೆ ಬೀಳುವುದಿಲ್ಲ. "ಇವನ್ನೆಲ್ಲ ಗುಜರಿಗೆ ಹಾಕಿ ಸಾರ್" ಎಂದು ಕಂಪ್ಯೂಟರ್ ಮಾರುವವರು ಹೇಳಿದ್ದರು. ಹೊಸದಕ್ಕೆ ಒಂದೊಂದಕ್ಕೆ 28,000 ರೂಪಾಯಿ ಹತ್ತಿರ ಕೇಳಿದ್ದರು. ನಾನು ಪ್ರತಿಯೊಂದಕ್ಕೂ 1,500 ರೂಪಾಯಿ ಆಸುಪಾಸಿನ ಎಸ್‌ಎಸ್‌ಡಿ ಹಾಕಿ, ಇದ್ದ 2 ಜಿಬಿ ರ್‍ಯಾಮ್‌ನಲ್ಲೇ ನಡೆಸುತ್ತಿದ್ದೇನೆ. ಎರಡು ಲಕ್ಷ ದಾಟುತ್ತಿದ್ದ ಖರ್ಚು ಹನ್ನೆರಡು ಸಾವಿರದಲ್ಲಿ ಮುಗಿಯಿತು.

ವಿಂಡೋ ಮ್ಯಾನೇಜರ್ ಬರೆಯುವ ದಾರಿ ಎಲ್ಲರಿಗೂ ಗೊತ್ತು. ಡಿಡಬ್ಲ್ಯುಎಂ ಎಂಬ ಪುಟ್ಟ ವಿಂಡೋ ಮ್ಯಾನೇಜರ್ 2006ರಿಂದ ಇದೆ, ಅದರ ಕೋಡ್ ಓದಿದರೆ ಸಾಕು. ಆದರೆ ನನ್ನದು ಒಂದಲ್ಲ, ಮೂರು ಪ್ರೋಗ್ರಾಂ: ಮ್ಯಾನೇಜರ್, ಪರದೆಯ ಮೇಲಂಚಿನಲ್ಲಿ ಕಿಟಕಿಗಳ ಹೆಸರು ತೋರಿಸುವ ಪಟ್ಟಿ, ಮೆನು. ಮೂರಕ್ಕೂ ಅದೇ ಹತ್ತಿಪ್ಪತ್ತು ಹೆಲ್ಪರ್ ಫಂಕ್ಷನ್ (ಪದೇ ಪದೇ ಬೇಕಾಗುವ ಸಣ್ಣ ಕೋಡ್ ತುಣುಕು) ಬೇಕು. ಅವನ್ನೆಲ್ಲ ಒಂದೇ ಯುಟಿಲ್ ಫೈಲಿಗೆ ತರುತ್ತೇನೆ ಅಂದಾಗ ಬೆಂಗಳೂರಿನಲ್ಲಿರುವ ಗೆಳೆಯ ಒಪ್ಪಲಿಲ್ಲ. "ಮುನ್ನೂರು ಸಾಲಿಗೆ ಇಷ್ಟೊಂದು ಯಾಕೋ? ಸುಮ್ನೆ ಕಾಪಿ ಮಾಡ್ಕೊಂಡು ಹೋಗು" ಅಂದ.

ಕಾಪಿ ಮಾಡಿದ ಕೋಡ್ ಏನು ಮಾಡಿತು ಅಂತ ಹೇಳುತ್ತೇನೆ. ಎಕ್ಸ್‌ಗೆಟ್‌ವಿಂಡೋಪ್ರಾಪರ್ಟಿ ಅಂತ ಒಂದು ಫಂಕ್ಷನ್ ಇದೆ; ಪರದೆ ನೋಡಿಕೊಳ್ಳುವ ಎಕ್ಸ್ ಸರ್ವರ್‌ನಿಂದ ಕಿಟಕಿಯ ವಿವರ (ಪ್ರಾಪರ್ಟಿ) ತಂದುಕೊಡುತ್ತದೆ. ಫಾರ್ಮ್ಯಾಟ್ 32 (ಒಂದೊಂದು ಸಂಖ್ಯೆ 32 ಬಿಟ್, ಅಂದರೆ 4 ಬೈಟ್) ಅನ್ನುತ್ತದೆ, ಆದರೆ ಕೈಗೆ ಕೊಡುವುದು ಸಿ ಭಾಷೆಯ ಲಾಂಗ್. 64 ಬಿಟ್ ಲಿನಕ್ಸ್‌ನಲ್ಲಿ ಅದು 8 ಬೈಟ್. 4 ಬೈಟ್ ಇಂಟ್ ಅಂತ ಓದಿದರೆ ಬಂದ ಸಂಖ್ಯೆಗಳ ನಡುವೆ ಒಂದು ಬಿಟ್ಟು ಒಂದು ಸೊನ್ನೆ ಬರುತ್ತದೆ. ಹಳೆಯ 32 ಬಿಟ್ ಯಂತ್ರದಲ್ಲಿ ಎಲ್ಲ ಸರಿ, ಪಕ್ಕದ 64 ಬಿಟ್‌ನಲ್ಲಿ ಫುಲ್‌ಸ್ಕ್ರೀನ್ ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ. ಮ್ಯಾನೇಜರ್‌ನಲ್ಲಿ ಸರಿಪಡಿಸಿದರೆ ಪಟ್ಟಿಯಲ್ಲಿ ಅದೇ ಕಾಯಿಲೆ ಹಾಗೇ ಉಳಿದಿರುತ್ತಿತ್ತು. ಇನ್ನೊಂದು, ಪ್ರಾಪರ್ಟಿ ಖಾಲಿಯಿದ್ದರೂ ಎಕ್ಸ್‌ಲಿಬ್ (ಆ ಫಂಕ್ಷನ್ ಇರುವ ಲೈಬ್ರರಿ) ಒಂದು ಬೈಟ್ ಹೆಚ್ಚಾಗಿ ಮೆಮೊರಿ ತೆಗೆದಿಟ್ಟಿರುತ್ತದೆ. ಐಟಂ ಸೊನ್ನೆ ಅಂತ ಎಕ್ಸ್‌ಫ್ರೀ (ಆ ಮೆಮೊರಿ ವಾಪಸ್ ಕೊಡುವ ಫಂಕ್ಷನ್) ಕರೆಯದೆ ಬಿಟ್ಟರೆ ಮೆಮೊರಿ ಸೋರುತ್ತದೆ. ಸೆಕೆಂಡಿಗೊಮ್ಮೆ ಎಲ್ಲ ಕಿಟಕಿ ನೋಡುವ ಪಟ್ಟಿ ಸಂಜೆಯ ಹೊತ್ತಿಗೆ ಹತ್ತು ಹನ್ನೆರಡು ಎಂಬಿ ಉಬ್ಬುತ್ತಿತ್ತು.

ಈಗ ನನ್ನ ಫಂಕ್ಷನ್ ಕರೆದ ಪ್ರೋಗ್ರಾಂನ ಬಫರಿಗೆ (ಅದು ಕಾದಿಟ್ಟ ಮೆಮೊರಿ ಜಾಗಕ್ಕೆ) ತಾನೇ ಕಾಪಿ ಮಾಡುತ್ತದೆ, ತಾನೇ ಎಕ್ಸ್‌ಫ್ರೀ ಮಾಡುತ್ತದೆ, ಎಷ್ಟು ಸಿಕ್ಕಿತು ಅಂತ ಸಂಖ್ಯೆ ಮಾತ್ರ ಕೊಡುತ್ತದೆ. ಹೊರಗಿನ ಕೋಡಿನಲ್ಲಿ ಯಾರೂ ಎಕ್ಸ್‌ಫ್ರೀ ಬರೆಯುವ ಹಾಗಿಲ್ಲ. ನಿಯಮ ಅಂದರೆ ನಿಯಮ.

ದುಡ್ಡು ಹೋಗಿದ್ದು ಬ್ಯಾಡ್‌ವಿಂಡೋ ಎಂಬ ಎರರ್‌ನಿಂದ. ಕಿಟಕಿ ಮುಚ್ಚಿಹೋದ ಮೇಲೆ ನಮ್ಮ ರಿಕ್ವೆಸ್ಟ್ ಸರ್ವರ್ ತಲುಪಿದರೆ ಎರರ್ ಬರುತ್ತದೆ. ಎಕ್ಸ್‌ಲಿಬ್‌ನ ಮಾಮೂಲಿ ಹ್ಯಾಂಡ್ಲರ್ (ಎರರ್ ಬಂದಾಗ ಓಡುವ ಫಂಕ್ಷನ್) ಅದನ್ನು ಪ್ರಿಂಟ್ ಮಾಡಿ ಪ್ರೋಗ್ರಾಂ ನಿಲ್ಲಿಸಿಬಿಡುತ್ತದೆ. ಮ್ಯಾನೇಜರ್ ಸತ್ತರೆ ಇಡೀ ಸೆಷನ್ ಹೋಯಿತು. ಮಾನಸಗಂಗೋತ್ರಿಯ (ಮೈಸೂರು ವಿಶ್ವವಿದ್ಯಾಲಯದ) ಒಬ್ಬ ಸಂಶೋಧಕರ ಪ್ರಬಂಧದ ಸೇವ್ ಆಗದ ಪುಟಗಳು ಹೀಗೇ ಹೋದವು. ಮತ್ತೆ ಟೈಪ್ ಮಾಡಿಕೊಟ್ಟು, ತೆಗೆದುಕೊಂಡಿದ್ದ 2,000 ರೂಪಾಯಿ ವಾಪಸ್ ಕೊಟ್ಟೆವು. ಅದಕ್ಕೇ ಎರಡು ಫಂಕ್ಷನ್ ಮಾಡಿದೆ. ಒಂದು ಎರರ್ ಹಿಡಿಯಲು ಶುರು ಮಾಡುತ್ತದೆ. ಇನ್ನೊಂದು ಎಕ್ಸ್‌ಸಿಂಕ್ ಮಾಡಿ, ಎರರ್ ಬಂತೋ ಇಲ್ಲವೋ ಹೇಳಿ, ಹಳೆಯ ಹ್ಯಾಂಡ್ಲರ್ ಕೂರಿಸುತ್ತದೆ. ಎಕ್ಸ್‌ಸಿಂಕ್ ಅಂದರೆ ಸರ್ವರ್‌ವರೆಗೆ ಹೋಗಿಬರುವ ಕೆಲಸ, ಎಲ್ಲ ಕಡೆ ಹಾಕಿದರೆ ಪರದೆ ನಿಧಾನ. ನಾನು ನಾಲ್ಕೈದು ಕಡೆ ಮಾತ್ರ ಹಾಕಿದ್ದೇನೆ. ಎಲ್ಲೆಲ್ಲಿ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ಬಹಳ ನಿದ್ದೆ ಕೆಟ್ಟು ಕಂಡುಕೊಂಡಿದ್ದು.

ನನಗೆ ಅತಿ ಹೆಮ್ಮೆ ಇರುವುದು ಕನ್ನಡ ಟೈಟಲ್ ಕತ್ತರಿಸುವ ಫಂಕ್ಷನ್ ಬಗ್ಗೆ. ನಮ್ಮ ಹುಡುಗಿಯರು ಫೈಲ್ ಗುರುತಿಸುವುದೇ ಪಟ್ಟಿಯಲ್ಲಿರುವ ಹೆಸರಿನಿಂದ. ಅಕ್ಷರಗಳನ್ನು ಕಂಪ್ಯೂಟರ್ ಇಟ್ಟುಕೊಳ್ಳುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. 256 ಬೈಟಿನ ಬಫರಿನಲ್ಲಿ ಪಠ್ಯ ಮುಗಿಯಿತು ಎನ್ನುವ ಕೊನೆಯ ಸೊನ್ನೆ ಬಿಟ್ಟರೆ 85 ಚಿಹ್ನೆ ಹಿಡಿಸುತ್ತದೆ, ಅಷ್ಟೇ. 'ಮಂಡ್ಯ' ತೆಗೆದುಕೊಳ್ಳಿ: ಮ, ಸೊನ್ನೆ (ಅನುಸ್ವಾರ), ಡ, ವಿರಾಮ (ಅರ್ಧಾಕ್ಷರ ಮಾಡುವ ಚಿಹ್ನೆ), ಯ. ಐದು ಚಿಹ್ನೆ, 15 ಬೈಟ್. 13ಕ್ಕೆ ಕತ್ತರಿಸಿದರೆ ಕೊನೆಗೆ ಮುರಿದ ಬೈಟ್ ಉಳಿಯುತ್ತದೆ. ಕತ್ತರಿಸುವ ಜಾಗದ ಬೈಟಿನ ಮೊದಲ ಎರಡು ಬಿಟ್ 10 ಆಗಿರುವವರೆಗೆ ಹಿಂದೆ ಸರಿಯಬೇಕು, ಇದು ಎಲ್ಲರೂ ಮಾಡುವುದೇ. ಆದರೆ ಆಗ ಉಳಿಯುವುದು 'ಮಂಡ್'. ವಿರಾಮ ಒಂದನ್ನೇ ತೆಗೆದರೆ 'ಮಂಡ', ಅದು ಬೇರೆಯೇ ಪದ ಅಲ್ವಾ? ನನ್ನ ಫಂಕ್ಷನ್ ವಿರಾಮದ ಜೊತೆ ಅದರ ಹಿಂದಿನ ವ್ಯಂಜನವನ್ನೂ ಬಿಟ್ಟು 'ಮಂ' ಎಂದು ನಿಲ್ಲಿಸಿ ಚುಕ್ಕೆ ಹಾಕುತ್ತದೆ. 'ಸ್ತ್ರೀ' ತರಹದ ಸಾಲು ಒತ್ತಿದ್ದರೆ ಇನ್ನೂ ಹಿಂದೆ ಹೋಗುತ್ತದೆ.

ಅಕ್ಷರಗಳನ್ನು ಪರದೆಯ ಮೇಲೆ ಬರೆಯುವುದು ಇನ್ನೊಂದು ತಲೆನೋವು. ಎಕ್ಸ್‌ಎಫ್‌ಟಿ ಎಂಬ ಫಾಂಟ್ ಲೈಬ್ರರಿ ಒತ್ತಕ್ಷರ ಜೋಡಿಸುವುದಿಲ್ಲ, ಒಂದೊಂದನ್ನೇ ಸಾಲಾಗಿ ಇಡುತ್ತದೆ. ಒತ್ತಕ್ಷರ ಜೋಡಿಸಬಲ್ಲ ಪ್ಯಾಂಗೋ ಲೈಬ್ರರಿ ಹಾಕಿದೆ, ಅಕ್ಷರ ಅಚ್ಚುಕಟ್ಟಾಗಿ ಬಂತು. ಏಳೆಂಟು ಎಂಬಿ ಜಾಸ್ತಿ ತಿನ್ನುತ್ತದೆ, ತಿನ್ನಲಿ. ಟೈಟಲ್ ಬದಲಾಗದಿದ್ದಾಗ ಮತ್ತೆ ಲೆಕ್ಕ ಹಾಕದಂತೆ ಮಾಡಿದ್ದು ಹೇಗೆ ಅನ್ನುವುದೂ ನನ್ನಲ್ಲೇ ಇರಲಿ.

ನಡುವೆ ಎಕ್ಸ್‌ಲಿಬ್ ಬದಲು ಬಳಸಬಹುದಾದ ಎಕ್ಸ್‌ಸಿಬಿ ಲೈಬ್ರರಿ ಕೂಡ ನೋಡಿದೆ. ಎರರ್ ವಿಷಯದಲ್ಲಿ ಅದು ನಿಜಕ್ಕೂ ಚೆನ್ನ, ಆದರೆ ಕೋಡ್ ಒಂದೂವರೆ ಪಟ್ಟು ಬೆಳೆಯಿತು, ಬಿಟ್ಟೆ. ಹೆಲ್ಪರ್ ಫೈಲನ್ನು ಶೇರ್ಡ್ ಲೈಬ್ರರಿ (ಮೂರೂ ಪ್ರೋಗ್ರಾಂ ಓಡುವಾಗ ಹಂಚಿಕೊಳ್ಳುವ ಪ್ರತ್ಯೇಕ ಫೈಲ್) ಮಾಡಿಯೂ ನೋಡಿದೆ. ಅದರಿಂದ ಉಳಿತಾಯವಾಗಿದ್ದು ಹತ್ತು ಕೆಬಿ ಇರಬಹುದು. ಓಡುತ್ತಿರುವಾಗಲೇ ಅದರ ಮೇಲೆ ಹೊಸದನ್ನು ಕಾಪಿ ಮಾಡಿದರೆ ಮೂರೂ ಪ್ರೋಗ್ರಾಂ ಒಟ್ಟಿಗೆ ಬೀಳುತ್ತವೆ. ಈಗ ಮೂರಕ್ಕೂ ನೇರವಾಗಿ ಸೇರಿಸಿ ಕಂಪೈಲ್ ಮಾಡುತ್ತೇನೆ.

ಫೈಲ್ ಈಗ 400 ಸಾಲಿನ ಹತ್ತಿರ ಇದೆ. ಮೂರೂ ಕಡೆ ಬೇಕಾಗದ ಫಂಕ್ಷನ್‌ಗೆ ಅದರೊಳಗೆ ಜಾಗವಿಲ್ಲ. ಗೆಳೆಯ ಕಳೆದ ದೀಪಾವಳಿಗೆ ಊರಿಗೆ ಬಂದಾಗ ಅಂಗಡಿಯಲ್ಲಿ ಒಂದು ಗಂಟೆ ಕೂತು, ಕಿಟಕಿಗಳನ್ನು ತೆಗೆದು ಮುಚ್ಚಿ ಬೀಳಿಸಲು ನೋಡಿದ. ಬೀಳಲಿಲ್ಲ. ಹೋಗುವಾಗ ಪೆನ್‌ಡ್ರೈವ್ ಕೊಟ್ಟು ಆ ಫೈಲ್ ಹಾಕಿಕೊಡು ಅಂದ. ಕೊಟ್ಟೆ.