ಎಸ್ಟೋನಿಯಾ ಕಂಪನಿಗೆ ಬ್ಯಾಂಕ್ ಖಾತೆ ಸಿಗದಿದ್ದಾಗ

ಬೆಂಗಳೂರಲ್ಲೇ ಕೂತು ಎಸ್ಟೋನಿಯಾದಲ್ಲಿ ಕಂಪನಿ ನೋಂದಾಯಿಸುವುದು ನಿಜಕ್ಕೂ ಸಲೀಸು. ಇ-ರೆಸಿಡೆನ್ಸಿ, ಅಂದರೆ ಹೊರದೇಶದವರಿಗೆ ಎಸ್ಟೋನಿಯಾ ಸರ್ಕಾರ ಕೊಡುವ ಡಿಜಿಟಲ್ ಗುರುತಿನ ಕಾರ್ಡನ್ನು ಕಂಪ್ಯೂಟರಿನ ಕಾರ್ಡ್ ರೀಡರಿಗೆ ಸಿಕ್ಕಿಸಿ ಪಿನ್ 1 ಒತ್ತಿದರೆ ಲಾಗಿನ್, ಪಿನ್ 2 ಒತ್ತಿದರೆ ಸಹಿ. ಕಾನೂನಿನಲ್ಲಿ ಅದಕ್ಕೆ ಪೆನ್ನಿನ ಸಹಿಯಷ್ಟೇ ಬೆಲೆ. ಅಲ್ಲಿನ ವಿಳಾಸ, ಕಂಪನಿ ಪರವಾಗಿ ಅಧಿಕೃತ ಪತ್ರಗಳನ್ನು ಪಡೆಯುವ ಕಾಂಟ್ಯಾಕ್ಟ್ ಪರ್ಸನ್ ಎರಡನ್ನೂ ಸೇವಾ ಕಂಪನಿಗಳು ದುಡ್ಡಿಗೆ ಒದಗಿಸುತ್ತವೆ.

ಕೆಲಸ ನಿಂತಿದ್ದು ಬ್ಯಾಂಕ್ ಖಾತೆ ತೆರೆಯುವಲ್ಲಿ. ಅಲ್ಲಿನ ಒಂದು ಬ್ಯಾಂಕ್, ನಮ್ಮ ವ್ಯವಹಾರಕ್ಕೆ ಎಸ್ಟೋನಿಯಾದ ನಂಟಿಲ್ಲ ಅಂತ ಅರ್ಜಿ ತಿರಸ್ಕರಿಸಿತು. 2014ರ ಡಿಸೆಂಬರ್‌ನಲ್ಲಿ ಶುರುವಾದ ಇ-ರೆಸಿಡೆನ್ಸಿ ಕೊಡುವುದು ಡಿಜಿಟಲ್ ಗುರುತು ಮಾತ್ರ. ವೀಸಾ ಇಲ್ಲ, ಖಾತೆಯ ಖಾತ್ರಿಯೂ ಇಲ್ಲ.

ದಾರಿ ನಿಯಮದಲ್ಲೇ ಇತ್ತು. ಖಾತೆ ಎಸ್ಟೋನಿಯಾದ ಬ್ಯಾಂಕಲ್ಲೇ ಇರಬೇಕೆಂದಿಲ್ಲ. ಯುರೋಪಿಯನ್ ಆರ್ಥಿಕ ವಲಯದಲ್ಲಿ ಲೈಸೆನ್ಸ್ ಇರುವ ಪಾವತಿ ಸಂಸ್ಥೆಯಲ್ಲಿ (ಬ್ಯಾಂಕಲ್ಲದಿದ್ದರೂ ಹಣ ಕಳಿಸುವ, ಪಡೆಯುವ ಸೇವೆ ಕೊಡುವ ಕಂಪನಿ) ಇದ್ದರೂ ನಡೆಯುತ್ತದೆ. ಅಂಥ ಒಂದು ಕಡೆ ಅರ್ಜಿ ಹಾಕಿದೆ. ಸುಮ್ನೆ ಫಾರಂ ತುಂಬಲಿಲ್ಲ. ಜರ್ಮನಿಯ ಗ್ರಾಹಕರ ಜೊತೆಗಿನ ಕರಾರು, ಕಳಿಸಿದ್ದ ಇನ್‌ವಾಯ್ಸ್, ದುಡ್ಡು ಯಾರಿಂದ ಬಂದು ಯಾರಿಗೆ ಹೋಗುತ್ತದೆ ಅನ್ನೋ ಒಂದು ಪುಟದ ವಿವರ, ಎಲ್ಲ ಲಗತ್ತಿಸಿದೆ. ಅವರು ಜಾಸ್ತಿ ಕೇಳಿದ್ದೂ ದುಡ್ಡಿನ ಮೂಲದ ಬಗ್ಗೆಯೇ. ಉತ್ತರ ಕೊಟ್ಟ ಮೇಲೆ ಐಬ್ಯಾನ್, ಅಂದರೆ ಅಂತರರಾಷ್ಟ್ರೀಯ ಖಾತೆ ಸಂಖ್ಯೆ, ಕೈಗೆ ಬಂತು.

ಇನ್ನೊಂದು ಮಾತು. ಲಾಭ ಹಂಚುವ ತನಕ ಎಸ್ಟೋನಿಯಾದಲ್ಲಿ ಕಾರ್ಪೊರೇಟ್ ತೆರಿಗೆ ಇಲ್ಲ, ನಿಜ. ಆದರೆ ನಾವು ಇಲ್ಲಿ ಕೂತು ನಡೆಸ್ತೀವಿ ಅಲ್ವಾ? ವಿದೇಶಿ ಷೇರು, ಖಾತೆಗಳನ್ನು ಇಲ್ಲಿನ ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಲೇಬೇಕು. ಷೇರಿಗೆ ದುಡ್ಡು ಕಳಿಸುವ ಮೊದಲೇ ಫೆಮಾ (ಭಾರತದ ವಿದೇಶಿ ವಿನಿಮಯ ಕಾನೂನು) ನಿಯಮ ಗೊತ್ತಿರುವ ಸಿಎ ಹತ್ತಿರ ಕೂತು ಮಾತಾಡಿ.