ಕ್ರೇನ್‌ನಲ್ಲಿ ಭಾರ ಎತ್ತುವ ಮುನ್ನ
ಕ್ರೇನ್ ಮೇಲೆ ಬರೆದಿರುವ ಟನ್ ಲೆಕ್ಕ ಬೂಮ್ (ಕ್ರೇನ್‌ನ ಉದ್ದ ತೋಳು) ತೀರಾ ಹತ್ತಿರದಲ್ಲಿದ್ದಾಗಿನದು. ದೂರ ಚಾಚಿದಷ್ಟೂ ಸಾಮರ್ಥ್ಯ ಕುಸಿಯುತ್ತದೆ. ಭಾರ ಇಳಿಸುವ ಜಾಗದ ದೂರವನ್ನೂ ಅಳೆದು ಲೋಡ್ ಚಾರ್ಟ್ (ಯಾವ ದೂರಕ್ಕೆ ಎಷ್ಟು ಭಾರ ಎಂಬ ಪಟ್ಟಿ) ನೋಡಿ. ಹುಕ್ ಬ್ಲಾಕ್ (ಕೊಕ್ಕೆ ಇರುವ ರಾಟೆ), ಸ್ಲಿಂಗ್‌ಗಳ (ಭಾರಕ್ಕೆ ಕಟ್ಟುವ ಹಗ್ಗ, ಬೆಲ್ಟ್‌ಗಳ) ತೂಕವನ್ನೂ ಸೇರಿಸಿ.

ಹೆಚ್ಚಿನವರು ಎಡವುವುದು ಸ್ಲಿಂಗ್ ಕೋನದಲ್ಲಿ. 2 ಟನ್ ಭಾರವನ್ನು ಎರಡು ಸ್ಲಿಂಗ್‌ಗಳಿಂದ ಎತ್ತುವಾಗ, ಅವು ನೆಲಮಟ್ಟಕ್ಕೆ 60 ಡಿಗ್ರಿಯಲ್ಲಿದ್ದರೆ ಒಂದೊಂದರ ಮೇಲೂ ಸುಮಾರು 1.15 ಟನ್ ಎಳೆತ. 30 ಡಿಗ್ರಿಗೆ ಇಳಿದರೆ ಪೂರಾ 2 ಟನ್! ಕೋನ 45ಕ್ಕಿಂತ ಕಡಿಮೆಯಾದರೆ ಉದ್ದನೆಯ ಸ್ಲಿಂಗ್ ಹಾಕಿ. ಚೂಪಾದ ಅಂಚಿಗೆ ಪ್ಯಾಡ್ ಇಡಿ. ಬೆಲ್ಟ್ ಸ್ಲಿಂಗ್ ಸೀಳುವುದು ಅಲ್ಲೇ.

ಔಟ್‌ರಿಗರ್ (ಕ್ರೇನ್ ಪಕ್ಕಕ್ಕೆ ಚಾಚುವ ಆಧಾರದ ಕಾಲು) ಪೂರ್ತಿ ಚಾಚಿ, ಅದರ ಕೆಳಗೆ ಅಗಲವಾದ ಗಟ್ಟಿ ಹಲಗೆ ಕೊಡಿ. ಹೊಸದಾಗಿ ಮುಚ್ಚಿದ ಗುಂಡಿಯ ಮೇಲೆ ಬೇಡವೇ ಬೇಡ. ಮೊದಲು 15 ಸೆಂ.ಮೀ. ಎತ್ತಿ ನಿಲ್ಲಿಸಿ ನೋಡಿ. ಭಾರ ವಾಲಿದರೆ ಕೈಯಿಂದ ಒತ್ತಬೇಡಿ. ಇಳಿಸಿ, ಮತ್ತೆ ಕಟ್ಟಿ.